ಪ್ರೀ-ಫಿಲ್ಟರ್ ಕಟ್ಟಿಕೊಂಡಿದೆಯೋ, ತೊಂದರೆ ಬೇರೆಲ್ಲೋ ಇದೆಯೋ?

ಎದುರು ಮನೆ ಮೇಷ್ಟ್ರು ಒಂದೇ ತಿಂಗಳಲ್ಲಿ ಮೂರು ಸಲ ಪ್ರೀ-ಫಿಲ್ಟರಿನ (ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮಷೀನಿಗೆ ಹೋಗುವ ಮೊದಲೇ ನೀರಿನ ಮಣ್ಣು ಸೋಸುವ ಫಿಲ್ಟರ್) ಕ್ಯಾಂಡಲ್ ಬದಲಾಯಿಸಿದ್ದರು. ಮೂರನೆಯದೂ ಹತ್ತೇ ದಿನಕ್ಕೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. "ಮಾಲೇ ಸರಿಯಿಲ್ಲ ಕಣ್ರೀ" ಅಂತ ಅದನ್ನು ಕಸಕ್ಕೆ ಹಾಕಲು ಹೊರಟಿದ್ದರು. ನಾನು ಇಸಿದುಕೊಂಡು ಚಾಕುವಿನಲ್ಲಿ ಅಡ್ಡಕ್ಕೆ ಕತ್ತರಿಸಿದೆ. ಹೊರಗಿನಿಂದ ಎರಡು ಮಿಲಿಮೀಟರಿನಷ್ಟು ದಪ್ಪಕ್ಕೆ ನುಣ್ಣನೆಯ ಕೆಂಪು ಮಣ್ಣು, ಅದರೊಳಗೆ ಹೊಸದರ ಹಾಗೆ ಬಿಳಿ. ಕ್ಯಾಂಡಲ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಸಂಪಿನ ಮುಚ್ಚಳದ ಅಂಚು ಒಡೆದು, ಮಳೆ ಬಂದಾಗಲೆಲ್ಲ ಅಂಗಳದ ನೀರು ಒಳಗಿಳಿಯುತ್ತಿತ್ತು. ಗಾರೆ ಮೆತ್ತಿಸಲು ಆದ ಖರ್ಚು ಆ ಮೂರು ಕ್ಯಾಂಡಲ್ಲುಗಳ ಬೆಲೆಗಿಂತ ಕಡಿಮೆ.

ಅಂದಿನಿಂದ ನಮ್ಮ ಲೇಔಟಿನಲ್ಲಿ ಯಾರ ಮನೆಯ ಆರ್‌ಒ ಮಷೀನು ಮುನಿಸಿಕೊಂಡರೂ ನಾನು ಮೊದಲು ಕೇಳುವುದು ಒಂದೇ: ಹಳೇ ಕ್ಯಾಂಡಲ್ ಎಲ್ಲಿದೆ?

ಇಲ್ಲಿ ಬರೆದಿರುವುದು ಬೆಂಗಳೂರಿನ ಸಾಧಾರಣ ಮನೆಯ ವ್ಯವಸ್ಥೆಗೆ. ವಾರದಲ್ಲಿ ಒಂದೆರಡು ಸಲ ಕಾವೇರಿ, ಉಳಿದ ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲವೂ ಸಂಪಿನಲ್ಲಿ ಬೆರೆತು ಮೇಲಿನ ಟ್ಯಾಂಕಿಗೆ, ಅಲ್ಲಿಂದ ಅಡುಗೆಮನೆಗೆ. ಮಷೀನಿನ ಪಕ್ಕ ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಬೌಲ್, ಅದರೊಳಗೆ 10 ಇಂಚಿನ ಬಿಳಿ ಕ್ಯಾಂಡಲ್. ಅಂಗಡಿಯಲ್ಲಿ ಇದಕ್ಕೆ ಸ್ಪನ್ ಫಿಲ್ಟರ್ ಅನ್ನುತ್ತಾರೆ. ನೋಡಲು ಹತ್ತಿಯಂತಿದ್ದರೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ. ನೀರು ಹೊರಮೈಯಿಂದ ಒಳಗಿನ ತೂತಿಗೆ ಸೋಸಿ ಹೋಗುತ್ತದೆ. ಮರಳು, ಮಣ್ಣು, ತುಕ್ಕಿನ ಚೂರು ಹಿಡಿಯುವುದಷ್ಟೇ ಇದರ ಕೆಲಸ. ಉಪ್ಪು, ಗಡಸುತನ, ಫ್ಲೋರೈಡ್, ರೋಗಾಣು ಯಾವುದಕ್ಕೂ ಇದು ಮದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಇರುವ ಬೋರ್‌ವೆಲ್ ನೀರಿಗೆ ದುಬಾರಿ ಕ್ಯಾಂಡಲ್ ಹಾಕಿ ನೆಮ್ಮದಿಯಿಂದ ಕುಡಿಯುವವರನ್ನು ನೋಡಿದ್ದೇನೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಬೌಲ್ ಮುಟ್ಟುವ ಮೊದಲು

ಮಷೀನಿನ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಒಳಗಿನ ಪಂಪು 24 ವೋಲ್ಟಿನದಾದರೂ ಅಡಾಪ್ಟರಿಗೆ ಬರುವುದು ಮನೆಯ 230 ವೋಲ್ಟೇ. ಬೌಲ್ ಬಿಚ್ಚಿದಾಗ ಒಂದು ಲೋಟಕ್ಕೆ ಕಮ್ಮಿಯಿಲ್ಲದಷ್ಟು ನೀರು ಚೆಲ್ಲುತ್ತದೆ, ನಮ್ಮ ಅಡುಗೆಮನೆಗಳಲ್ಲಿ ಸಾಕೆಟ್ ಸರಿಯಾಗಿ ಅದರ ಕೆಳಗೇ ಇರುತ್ತದೆ. ಆಮೇಲೆ ಬೌಲಿಗೆ ಬರುವ ವಾಲ್ವ್ ಮುಚ್ಚಿ. ಬೌಲಿನ ತಲೆಯ ಮೇಲೆ ಕೆಂಪು ಗುಂಡಿ ಇದ್ದರೆ ಒತ್ತಿ ಒತ್ತಡ ಬಿಡಿ. ಇಲ್ಲದಿದ್ದರೆ ಹೊರಹೋಗುವ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಬಿಡಿ. ಒತ್ತಡ ಇರುವಾಗ ಸ್ಪ್ಯಾನರ್ ಹಾಕಿ ಗುದ್ದಾಡಿದರೆ ಬೌಲ್ ಬಿಚ್ಚುವುದಿಲ್ಲ, ಬಿರುಕು ಬಿಡುತ್ತದೆ.

ಬಿಚ್ಚುವ ದಿಕ್ಕಿನಲ್ಲಿ ಎಲ್ಲರೂ ಎಡವುತ್ತಾರೆ. ಕೆಳಗಿನಿಂದ ತಲೆಯೆತ್ತಿ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ. ಮೇಲಿನಿಂದ ಬಗ್ಗಿ ನೋಡುತ್ತಾ ತಿರುಗಿಸಿದರೆ ಲೆಕ್ಕ ತಿರುಗುಮುರುಗಾಗಿ ಇನ್ನಷ್ಟು ಬಿಗಿಯಾಗುತ್ತದೆ.

ಲಕ್ಷಣ: ಮಷೀನಿನ ಟ್ಯಾಂಕ್ ತುಂಬುವುದು ತೀರಾ ನಿಧಾನ

ಫೋನ್ ಮಾಡಿದರೆ "ಸರ್, ಮೆಂಬ್ರೇನ್ ಹೋಗಿದೆ" ಎಂಬ ಉತ್ತರ (ಮೆಂಬ್ರೇನ್ ಅಂದರೆ ಮಷೀನಿನೊಳಗೆ ಉಪ್ಪು ಸೋಸುವ ಪೊರೆ) ಬರುವುದು ಹೆಚ್ಚಾಗಿ ಈ ದೂರಿಗೇ. ಇರಬಹುದು. ಆದರೆ ಸಾವಿರಗಟ್ಟಲೆ ರೂಪಾಯಿಯ ಮಾತಿಗೆ ಹೂಂ ಅನ್ನುವ ಮೊದಲು ಖರ್ಚಿಲ್ಲದ ನಾಲ್ಕು ಕೆಲಸ ಇವೆ.

ಮೇಲಿನ ಟ್ಯಾಂಕಿನಲ್ಲಿ ನೀರಿದೆಯೇ, ಮಷೀನಿನ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ. ನಗಬೇಡಿ, ಕೆಲಸದವರು ಒರೆಸುವಾಗ ಆ ಪುಟ್ಟ ಹಿಡಿ ಅರ್ಧ ತಿರುಗಿರುತ್ತದೆ.

ಎರಡನೆಯದು, ತಿಂಗಳು ಯಾವುದು? ಡಿಸೆಂಬರ್, ಜನವರಿಯ ಚಳಿಯಲ್ಲಿ ನೀರು ತಣ್ಣಗಾದ ಪ್ರತಿ ಡಿಗ್ರಿಗೆ ಮೆಂಬ್ರೇನಿನ ಇಳುವರಿ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಏಪ್ರಿಲ್‌ಗೆ ಹೋಲಿಸಿದರೆ ನಿಧಾನವಾಗುವುದು ಸಹಜ.

ಮೂರನೆಯದು ಬಾಟಲಿ ಪರೀಕ್ಷೆ. ಪ್ಲಗ್ ಕಿತ್ತು, ವಾಲ್ವ್ ಮುಚ್ಚಿ, ಬೌಲಿನಿಂದ ಮಷೀನಿಗೆ ಹೋಗುವ ತೆಳು ಪೈಪನ್ನು ಮಷೀನಿನ ಕಡೆ ಬಿಚ್ಚಿಕೊಳ್ಳಿ. ಅದರ ತುದಿಯನ್ನು ಒಂದು ಲೀಟರಿನ ಬಾಟಲಿಗೆ ಬಿಟ್ಟು ವಾಲ್ವ್ ತೆರೆಯಿರಿ, ಮೊಬೈಲಿನಲ್ಲಿ ಸಮಯ ನೋಡಿ. ಲೆಕ್ಕ ಹೀಗೆ: ನಮ್ಮ ಕಡೆ ಹಾಕುವ 75 ಅಥವಾ 100 ಜಿಪಿಡಿ (ದಿನಕ್ಕೆ ಅಷ್ಟು ಗ್ಯಾಲನ್) ಮೆಂಬ್ರೇನು ಎಲ್ಲ ಸರಿಯಿದ್ದರೆ ಗಂಟೆಗೆ ಸುಮಾರು 12ರಿಂದ 16 ಲೀಟರ್ ಒಳ್ಳೆಯ ನೀರು ಕೊಡುತ್ತದೆ. ಅದರ ಎರಡು ಮೂರು ಪಟ್ಟು ಹೊರಗೆ ಚೆಲ್ಲುತ್ತದೆ. ಎರಡೂ ಸೇರಿದರೆ ನಿಮಿಷಕ್ಕೆ ಹೆಚ್ಚೆಂದರೆ ಒಂದು ಲೀಟರ್. ಹಾಗಾಗಿ ಬಾಟಲಿ ಒಂದು ನಿಮಿಷದೊಳಗೆ ತುಂಬಿದರೆ ಪ್ರೀ-ಫಿಲ್ಟರಿನ ತಪ್ಪಿಲ್ಲ. ಎರಡು ಮೂರು ನಿಮಿಷ ಹಿಡಿದರೆ ಮಷೀನಿಗೆ ನೀರೇ ಸಾಲುತ್ತಿಲ್ಲ.

ನಾಲ್ಕನೆಯದು, ಕ್ಯಾಂಡಲ್ ಹೊರತೆಗೆದು ಬರೀ ಬೌಲ್ ಹಾಕಿ ಅದೇ ಬಾಟಲಿ ಮತ್ತೆ ತುಂಬಿಸಿ. ಪೈಪು ಬಾಟಲಿಯಲ್ಲೇ ಇರಲಿ, ಮಷೀನಿಗೆ ಮಾತ್ರ ಸೇರಿಸಬೇಡಿ. ಸೋಸದ ಮಣ್ಣು ಒಳಗೆ ಹೋದರೆ ಪಂಪಿಗೂ ಮೆಂಬ್ರೇನಿಗೂ ಕುತ್ತು. ಕ್ಯಾಂಡಲ್ ಇಲ್ಲದಾಗ ಸರಾಗವಾಗಿ ಬಂದು, ಇದ್ದಾಗ ತೊಟ್ಟಿಕ್ಕಿದರೆ ತೀರ್ಪು ಸಿಕ್ಕಿತು: ಕ್ಯಾಂಡಲ್ ಕಟ್ಟಿಕೊಂಡಿದೆ, ಬದಲಾಯಿಸಿ. ಎರಡು ಸಲವೂ ನಿಧಾನವಾದರೆ ತಡೆ ಬೌಲಿಗಿಂತ ಹಿಂದಿದೆ, ಅಂದರೆ ವಾಲ್ವಿನಲ್ಲಿ, ಎಲ್ಬೋದಲ್ಲಿ (ಪೈಪು ತಿರುಗುವ ಕಡೆಯ ಮೊಣಕೈಯಂಥ ಜೋಡಣೆ) ಅಥವಾ ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ. ಎಲ್ಬೋದೊಳಗೆ ಟೆಫ್ಲಾನ್ ಟೇಪಿನ ಚೂರು ಸಿಕ್ಕಿಕೊಂಡಿದ್ದನ್ನು ಪಿನ್ನಿನಲ್ಲಿ ಎಳೆದು ತೆಗೆದಿದ್ದೇನೆ, ಒಂದಲ್ಲ, ಎರಡು ಮನೆಯಲ್ಲಿ.

ಕೊನೇ ಮಹಡಿಯವರಿಗೆ ಒಂದು ಮಾತು. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 14 ಪಿಎಸ್ಐ (ಚದರ ಇಂಚಿಗೆ ಅಷ್ಟು ಪೌಂಡ್) ಒತ್ತಡ. ನಿಮ್ಮ ಟ್ಯಾಂಕ್ ತಲೆಯ ಮೇಲೆ ಮೂರೇ ಮೀಟರ್ ಇದ್ದರೆ ಸಿಗುವುದು ನಾಲ್ಕು ಚಿಲ್ಲರೆ. ನೆಲಮಹಡಿಯವರ ಕ್ಯಾಂಡಲ್ ಕಂದುಬಣ್ಣಕ್ಕೆ ತಿರುಗಿದ ಮೇಲೂ ನಡೆಯುತ್ತದೆ, ನಿಮ್ಮದು ಅಷ್ಟೇ ಕೊಳೆಯಾದಾಗ ನಿಂತೇ ಹೋಗುತ್ತದೆ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಇಬ್ಬರಿಗೆ ಎರಡು ಅನುಭವ ಆಗುವುದು ಇದರಿಂದ.

ಬಾಟಲಿ ಬೇಗ ತುಂಬಿದರೂ ಮಷೀನು ನಿಧಾನವೇ? ಹಾಗಾದರೆ ಒಳಗಿನ ಇನ್‌ಲೈನ್ ಸೆಡಿಮೆಂಟ್ (ಮಣ್ಣು ಹಿಡಿಯುವ ಇನ್ನೊಂದು ಪುಟ್ಟ ಫಿಲ್ಟರ್), ಕಾರ್ಬನ್ ಫಿಲ್ಟರ್, ಪಂಪು, ಮೆಂಬ್ರೇನು, ಈ ಸಾಲಿನಲ್ಲಿ ಎಲ್ಲೋ ಇದೆ. ಅಲ್ಲಿಗೆ ನಿಲ್ಲಿಸಿ, ಸರ್ವಿಸ್‌ನವರನ್ನು ಕರೆಯಿರಿ.

ಲಕ್ಷಣ: ಪಂಪು ಗರಗರ ಅನ್ನುತ್ತದೆ, ಅಥವಾ ಶುರುವಾಗಿ ನಿಂತು ಮತ್ತೆ ಶುರುವಾಗುತ್ತದೆ

ಹಸಿದ ಪಂಪಿನ ಸದ್ದು ಅದು. ಬರುವ ನೀರು ಸಾಲದೆ ಗಾಳಿ ಎಳೆಯುತ್ತಿರುತ್ತದೆ. ಕಡಿಮೆ ಒತ್ತಡಕ್ಕೆ ಕಡಿದುಕೊಳ್ಳುವ ಸ್ವಿಚ್ ಇರುವ ಮಷೀನುಗಳಲ್ಲಿ ಪಂಪು ನಿಂತು ನಿಂತು ಓಡುತ್ತದೆ. ಮೇಲಿನ ಬಾಟಲಿ ಪರೀಕ್ಷೆಯನ್ನೇ ಮಾಡಿ. ಈ ಸದ್ದಿನಲ್ಲೇ ವಾರಗಟ್ಟಲೆ ಓಡಿಸಬೇಡಿ, ಪಂಪಿನ ಆಯಸ್ಸು ತೀರುತ್ತದೆ.

ಲಕ್ಷಣ: ಹೊಸ ಕ್ಯಾಂಡಲ್ ಕೆಲವೇ ದಿನಕ್ಕೆ ಕೊಳಕು

ಮೇಷ್ಟ್ರ ಕಥೆ ಇದೇ. ಇಲ್ಲಿ ಬಣ್ಣವೇ ಭಾಷೆ.

ಕೆಮ್ಮಣ್ಣಿನ ಬಣ್ಣ, ಬೆರಳಲ್ಲಿ ತಿಕ್ಕಿದರೆ ನುಣ್ಣಗಿದ್ದರೆ ಅದು ಮಣ್ಣು. ಸಂಪಿನ ಮುಚ್ಚಳ ನೋಡಿ, ಸಂಪು ಮತ್ತು ಟ್ಯಾಂಕು ತೊಳೆದು ಎಷ್ಟು ಕಾಲವಾಯಿತು ನೆನಪಿಸಿಕೊಳ್ಳಿ. ಇತ್ತೀಚೆಗೆ ತೊಳೆಸಿದ್ದರೂ ಕಾರಣ ಅದೇ ಇರಬಹುದು, ಕದಡಿದ ಕೆಸರು ಪೈಪಿಗೆ ಇಳಿದಿರುತ್ತದೆ. ಟ್ಯಾಂಕ್ ತೊಳೆಸುವ ದಿನ ಮಷೀನಿನ ವಾಲ್ವ್ ಮುಚ್ಚಿ, ಮರುದಿನ ಬೇರೆ ನಲ್ಲಿಗಳಲ್ಲಿ ಹತ್ತು ನಿಮಿಷ ನೀರು ಬಿಟ್ಟ ಮೇಲೆ ತೆರೆದರೆ ಒಂದು ಕ್ಯಾಂಡಲ್ ಉಳಿಯುತ್ತದೆ. ರಸ್ತೆ ಅಗೆದ ವಾರ, ಟ್ಯಾಂಕರ್ ಹಾಕಿಸಿದ ವಾರವೂ ಹೀಗೇ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿನ ಮೇಲೆ ನಿಂತಿದ್ದಾಗ ನಮ್ಮ ಬೀದಿಯಲ್ಲಿ ಕ್ಯಾಂಡಲ್ಲಿನ ಬಾಳಿಕೆ ಮೂರು ತಿಂಗಳಿಂದ ಮೂರು ವಾರಕ್ಕೆ ಇಳಿದಿತ್ತು.

ಕಿತ್ತಳೆ ಮಿಶ್ರಿತ ಕಂದು, ಬಟ್ಟೆಗೆ ಹತ್ತಿದರೆ ಹೋಗದ ಕಲೆ: ಕಬ್ಬಿಣ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಕ್ಕು, ಇಲ್ಲವೇ ಬೋರ್‌ವೆಲ್ಲಿನ ಕಬ್ಬಿಣದಂಶ.

ಕಪ್ಪು: ಮ್ಯಾಂಗನೀಸ್ ಇರಬಹುದು, ಹಳೇ ರಬ್ಬರ್ ವಾಷರ್ ಕರಗುತ್ತಿರಬಹುದು. ಹಸಿರು ಮತ್ತು ಜಾರುವ ಲೋಳೆ: ಪಾಚಿ, ಅದಕ್ಕೆ ಮುಂದೆ ಬರುತ್ತೇನೆ.

ಮಣ್ಣೋ ಕಬ್ಬಿಣವೋ ಗೊತ್ತಾಗದಿದ್ದರೆ ಗಾಜಿನ ಬಾಟಲಿ ಸಾಕು. ಬೋರ್‌ವೆಲ್ ಮೋಟಾರು ಓಡುವಾಗ ನೇರ ಪೈಪಿನಿಂದ ಒಂದು ಬಾಟಲಿ ನೀರು ಹಿಡಿದು, ಮುಚ್ಚಳ ಸಡಿಲವಾಗಿ ಹಾಕಿ, ರಾತ್ರಿಯಿಡೀ ಕಿಟಕಿಯ ಬಳಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ಮೇಲೆಲ್ಲ ತಿಳಿಯಾಗಿ ತಳದಲ್ಲಿ ಪದರ ಕೂತಿದ್ದರೆ ಮರಳು, ಮಣ್ಣು; ಕ್ಯಾಂಡಲ್ ಹಿಡಿಯುತ್ತದೆ. ಬೆಳಿಗ್ಗೆಯೂ ಮಜ್ಜಿಗೆ ತಿಳಿಯಂತೆ ಮಬ್ಬಾಗೇ ಇದ್ದರೆ ತೀರಾ ಸಣ್ಣ ಜೇಡಿ, 5 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕ್ಯಾಂಡಲ್ಲಿಗೂ ಸಿಗದೆ ಜಾರಿಕೊಳ್ಳುವಂಥದ್ದು. ಹಿಡಿದಾಗ ಕನ್ನಡಿಯಂತೆ ತಿಳಿಯಾಗಿದ್ದ ನೀರು ಬೆಳಿಗ್ಗೆ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕರಗಿದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿದೆ. ಕರಗಿರುವಾಗ ಅದು ಯಾವ ಕ್ಯಾಂಡಲ್ಲಿಗೂ ಸಿಗುವುದಿಲ್ಲ, ಸಕ್ಕರೆ ನೀರನ್ನು ಬಟ್ಟೆಯಲ್ಲಿ ಸೋಸಿದಷ್ಟೇ. ಅದಕ್ಕೆ ಕಬ್ಬಿಣ ತೆಗೆಯುವ ಬೇರೆ ಫಿಲ್ಟರ್ ಬೇಕು, ಮೊದಲು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ. ಇನ್ನು ಹಿಡಿದ ಕೂಡಲೇ ಹಾಲಿನಂತೆ ಬೆಳ್ಳಗಿದ್ದು ಒಂದೆರಡು ನಿಮಿಷಕ್ಕೆ ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿ, ಚಿಂತೆ ಬೇಡ.

ಈಗ ಹಳೇ ಕ್ಯಾಂಡಲ್ ಕತ್ತರಿಸಿ. ಒಳ್ಳೆಯ ಸ್ಪನ್ ಕ್ಯಾಂಡಲ್ ಹೊರಗೆ ಸಡಿಲ, ಒಳಗೆ ಹೋದಂತೆ ಬಿಗಿ. ದಪ್ಪ ಕಣ ಹೊರಗೂ ಸಣ್ಣದು ಒಳಗೂ ನಿಲ್ಲಬೇಕು. ಕೊಳೆ ಹೊರಮೈಯಲ್ಲೇ ನಿಂತು ಒಳಗೆ ಬೆಳ್ಳಗಿದ್ದರೆ, ಆ ನೀರಿನ ಕೊಳೆಗೆ ಕ್ಯಾಂಡಲ್ ತೀರಾ ಸಣ್ಣ ಕಣ್ಣಿನದು, ಅಥವಾ ಕೊಳೆಯೇ ಒಮ್ಮೆಲೇ ಬಂದಿದೆ. ತಿರುಳಿನವರೆಗೂ ಬಣ್ಣ ಇಳಿದಿದ್ದರೆ ಬದಲಾಯಿಸುವುದು ತಡವಾಗಿದೆ.

ಯಾವುದನ್ನು ಕೊಳ್ಳುವುದು

"ಒಂದು ಮೈಕ್ರಾನ್ ಕೊಡಿ, ಬೆಸ್ಟ್ ಇರಲಿ" ಅಂತ ಕೇಳುವವರು ಬಹಳ. ಸಣ್ಣ ಕಣ್ಣಿನ ಜರಡಿಗೆ ರಾಗಿ ಸುರಿದ ಹಾಗಾಗುತ್ತದೆ: ಬೇಗ ಕಟ್ಟಿಕೊಳ್ಳುತ್ತದೆ, ಒತ್ತಡ ತಿನ್ನುತ್ತದೆ. ಆರ್‌ಒ ಮಷೀನಿಗೆ 5 ಮೈಕ್ರಾನ್ ಸರಿ. ಮರಳು ಹೆಚ್ಚಿರುವ ಬೋರ್‌ವೆಲ್ಲಿಗೆ ಎರಡು ಬೌಲ್ ಸಾಲಾಗಿ ಹಾಕಿ, ಮೊದಲು 20, ಆಮೇಲೆ 5. ಇಡೀ ಮನೆಯ ನೀರಿಗೆ ಸೋಸು ಹಾಕುವುದಾದರೆ 20 ಇಂಚಿನ ದಪ್ಪನೆಯ ಜಂಬೋ ಕ್ಯಾಂಡಲ್, ಅದಕ್ಕೂ ಮೊದಲು, ತೊಳೆದು ಬಳಸುವ ಸ್ಟೀಲ್ ಜಾಲರಿಯ ಫಿಲ್ಟರ್. ಜಾಲರಿಯದನ್ನು ಮಾತ್ರ ತೊಳೆಯಬಹುದು. ಸ್ಪನ್ ಕ್ಯಾಂಡಲನ್ನು ಬ್ರಷ್ ಹಾಕಿ ಉಜ್ಜಿದರೆ ಹೊರಗಿನ ಮಣ್ಣು ಒಳಕ್ಕೆ ಇಳಿಯುತ್ತದೆ, ಎಳೆ ಕೀಳುತ್ತದೆ. ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ ಮತ್ತೆ ಹಾಕುವುದಂತೂ ಬೇಡವೇ ಬೇಡ, ಕ್ಲೋರಿನ್ ಮೆಂಬ್ರೇನಿಗೆ ಶತ್ರು.

ಅಂಗಡಿಯಲ್ಲಿ ಎರಡು ಕ್ಯಾಂಡಲ್ ಕೈಯಲ್ಲಿ ತೂಗಿ ನೋಡಿ. ಒಂದೇ ಅಳತೆ, ಒಂದೇ ಮೈಕ್ರಾನ್ ಅಂತ ಬರೆದಿದ್ದರೂ ಒಂದು ಹಗುರ ಇರುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಬನ್ನಿನಂತೆ ತಗ್ಗುತ್ತದೆ. ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚಾದರೂ ಭಾರದ್ದನ್ನು ತಗೊಳ್ಳಿ. ಉದ್ದವನ್ನೂ ಹಳೆಯದರ ಪಕ್ಕ ನಿಲ್ಲಿಸಿ ನೋಡಿ. 10 ಇಂಚು ಅನ್ನುವುದು ಅಸಲಿಗೆ ಒಂಬತ್ತೂ ಮುಕ್ಕಾಲರ ಆಸುಪಾಸು. ಅದಕ್ಕಿಂತ ಗಿಡ್ಡದಾದರೆ ಮುಂದಿನ ತೊಂದರೆ.

ಲಕ್ಷಣ: ಆರು ತಿಂಗಳಾದರೂ ಕ್ಯಾಂಡಲ್ ಬೆಳ್ಳಗೇ ಇದೆ

ಖುಷಿಪಡುವ ಮೊದಲು ಅನುಮಾನ ಪಡಿ. ಬರೀ ಕಾವೇರಿ ನೀರು, ತೊಳೆದ ಸಂಪು ಆದರೆ ನಂಬಬಹುದು. ಬೋರ್‌ವೆಲ್ ಮನೆಯಲ್ಲಿ ಹೀಗಾದರೆ ನೀರು ಕ್ಯಾಂಡಲ್ಲಿನ ಮೂಲಕ ಹೋಗದೆ ಪಕ್ಕದಿಂದ ನುಸುಳುತ್ತಿದೆ. ಕ್ಯಾಂಡಲ್ಲಿನ ಎರಡು ತುದಿ ನೋಡಿ: ಬೌಲಿನ ತಳದ ಮತ್ತು ತಲೆಯ ಉಂಗುರದಂಥ ಏಣು ಒತ್ತಿದ ಗುಂಡನೆಯ ಗುರುತು ಪೂರ್ತಿ ಮೂಡಿರಬೇಕು. ಗುರುತು ಅರ್ಧ ಇದ್ದರೆ ಕ್ಯಾಂಡಲ್ ಓರೆಯಾಗಿ ಕೂತಿತ್ತು. ಗುರುತೇ ಇಲ್ಲದಿದ್ದರೆ ಗಿಡ್ಡ. ಮಷೀನಿನ ಮುಚ್ಚಳ ತೆಗೆದಾಗ ಒಳಗಿನ ಇನ್‌ಲೈನ್ ಸೆಡಿಮೆಂಟ್ ಕಂದಾಗಿ ಹೊರಗಿನದು ಬೆಳ್ಳಗಿದ್ದರೆ ಇನ್ನು ಸಾಕ್ಷಿ ಬೇಡ.

ತಿರುಳಿನ ತೂತಿನೊಳಗೆ ಕೊಳೆ, ಹೊರಮೈ ಬಿಳಿ ಎಂದಾದರೆ ಬೌಲಿಗೆ ಪೈಪು ತಿರುವುಮುರುವು ಹಾಕಿದ್ದಾರೆ. ತಲೆಯ ಮೇಲಿನ ಬಾಣದ ಗುರುತಿಗೆ ಹೋಲಿಸಿ, ಒಳಬರುವ ಮತ್ತು ಹೊರಹೋಗುವ ಪೈಪು ಅದಲುಬದಲು ಮಾಡಿ.

ಲಕ್ಷಣ: ಬದಲಾಯಿಸಿದ ಮೇಲೆ ಹನಿಯೂ ಬರುತ್ತಿಲ್ಲ

ಕ್ಯಾಂಡಲ್ಲಿಗೆ ಸುತ್ತಿದ್ದ ತೆಳು ಪ್ಲಾಸ್ಟಿಕ್ ಕವರ್ ತೆಗೆದಿರಾ? ಬಿಳಿಯ ಮೇಲೆ ಪಾರದರ್ಶಕ ಹಾಳೆ ಕಾಣುವುದೇ ಇಲ್ಲ. ನಾನೇ ಒಂದು ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ವಾಲ್ವು, ಪೈಪು, ಪಂಪು ಎಲ್ಲ ತಡಕಾಡಿ, ಕೊನೆಗೆ ಹೆಂಡತಿ ಬಂದು "ಇದೇನ್ರೀ, ಕವರು ಹಾಗೇ ಇದೆಯಲ್ಲ" ಅಂದಾಗ ಮುಖ ಎಲ್ಲಿಡುವುದು ತಿಳಿಯಲಿಲ್ಲ. ಕವರ್ ತೆಗೆದಿದ್ದರೆ, ಬೌಲಿನಲ್ಲಿ ಗಾಳಿ ಸಿಕ್ಕಿದೆಯೇ ನೋಡಿ, ಕೆಂಪು ಗುಂಡಿ ಒತ್ತಿ ಬಿಡಿ.

ಲಕ್ಷಣ: ಬದಲಾಯಿಸಿದ ಮೇಲೆ ಬೌಲಿನಿಂದ ಸೋರಿಕೆ

ನೂರಕ್ಕೆ ತೊಂಬತ್ತು ಪಾಲು ಓ-ರಿಂಗಿನದೇ ಕಿತಾಪತಿ ಅಂದುಕೊಂಡು ಶುರುಮಾಡಿ. ಬೌಲಿನ ಬಾಯಿಯ ಸುತ್ತಲಿನ ತೋಡಿನಲ್ಲಿ ಕೂರುವ ಕಪ್ಪು ರಬ್ಬರ್ ಬಳೆ ಅದು. ಬಿಚ್ಚುವಾಗ ಮೇಲಿನ ತಲೆಗೆ ಅಂಟಿ ಉಳಿದಿರುತ್ತದೆ, ಅಥವಾ ತಿರುಚಿರುತ್ತದೆ, ಅಥವಾ ಅದರ ಕೆಳಗೆ ಮರಳಿನ ಒಂದು ಕಣ. ತೆಗೆದು ಒರೆಸಿ, ಬೆರಳಲ್ಲಿ ಸುತ್ತಲೂ ಎಳೆದು ಬಿರುಕು ನೋಡಿ. ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಿ. ಸವರುವುದಾದರೆ ಕುಡಿಯುವ ನೀರಿಗೆ ಒಪ್ಪುವ ಸಿಲಿಕೋನ್ ಗ್ರೀಸ್ ಮಾತ್ರ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬೇಡ. ಬೌಲಿನ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತುವ ಅಗತ್ಯವಿಲ್ಲ, ಅದು ಎಲ್ಬೋದ ತಿರುಪಿಗೆ. ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪವೇ ತಿರುಗಿಸಿ, ಸಾಕು. ಸೋರುತ್ತಿದೆ ಅಂತ ಇನ್ನೂ ಬಿಗಿ ಮಾಡುತ್ತಾ ಹೋದರೆ ಓ-ರಿಂಗ್ ಇನ್ನೂ ತಿರುಚುತ್ತದೆ.

ಬೌಲಿನ ಮೈಯಲ್ಲೇ ಕೂದಲೆಳೆಯಷ್ಟು ಬಿರುಕು ಕಂಡರೆ ಎಂ-ಸೀಲ್ ಮೆತ್ತಿ ಸಾಗಿಸಬೇಡಿ. ನೀವು ಊರಿಗೆ ಹೋದ ದಿನ ರಾತ್ರಿಯೇ ಅದು ಒಡೆಯುವುದು. ಪ್ರೆಶರ್ ಪಂಪ್ ಇರುವ ಅಪಾರ್ಟ್‌ಮೆಂಟಿನಲ್ಲಿ ಬೌಲ್ ಮತ್ತೆ ಮತ್ತೆ ಬಿರುಕು ಬಿಟ್ಟರೆ ಒತ್ತಡ ತಗ್ಗಿಸುವ ವಾಲ್ವ್ ಬೇಕು. ಅದು ಪ್ಲಂಬರಿನ ಕೆಲಸ.

ಹೊಸ ಕ್ಯಾಂಡಲ್ ಹಾಕಿದ ಮೇಲೆ ಮೊದಲ ನಾಲ್ಕೈದು ಲೀಟರನ್ನು ಬಕೆಟ್ಟಿಗೆ ಬಿಟ್ಟು, ಆಮೇಲೆ ಮಷೀನಿಗೆ ಪೈಪು ಸೇರಿಸಿ. ಆ ನೀರು ನೆಲ ಒರೆಸಲು ಆಯಿತು.

ಲಕ್ಷಣ: ಬೌಲಿನಲ್ಲಿ ಹಸಿರು, ಲೋಳೆ, ವಾಸನೆ

ಕಿಟಕಿಯ ಬಿಸಿಲು ಬೀಳುವ ಕಡೆ ಪಾರದರ್ಶಕ ಬೌಲ್ ಇದ್ದರೆ ಪಾಚಿ ಕಟ್ಟುತ್ತದೆ. ಬೌಲ್ ತೊಳೆದು, ಜಾಗ ಬದಲಿಸಿ ಅಥವಾ ಹಳೇ ಬಟ್ಟೆಯ ಚೀಲ ಹೊಲಿದು ತೊಡಿಸಿ. ಬಿಸಿಲೇ ಬೀಳದ ಕಡೆ ಲೋಳೆಯಿದ್ದರೆ ಕ್ಯಾಂಡಲ್ ಹಳತಾಗಿದೆ. ತಿಂಗಳುಗಟ್ಟಲೆ ಮನೆ ಬೀಗ ಹಾಕಿ ಬಂದ ಮೇಲೆ ಕ್ಯಾಂಡಲ್ ಬೆಳ್ಳಗೆ ಕಂಡರೂ ಬದಲಾಯಿಸುವುದು ವಾಸಿ.

ಚರಂಡಿಯ ವಾಸನೆ ಬಂದರೆ ಮಾತ್ರ ಈ ಕೈಪಿಡಿ ಮುಚ್ಚಿಡಿ. ಕುಡಿಯುವ ಪೈಪಿಗೆ ಒಳಚರಂಡಿ ಬೆರೆತಿರುವ ಸಂಭವ ಇದೆ. ಆ ನೀರು ಕುಡಿಯುವುದು, ಅಡುಗೆಗೆ ಬಳಸುವುದು ನಿಲ್ಲಿಸಿ, ಪಕ್ಕದ ಮನೆಗಳಲ್ಲೂ ಹಾಗೇ ಇದೆಯೇ ವಿಚಾರಿಸಿ, ಜಲಮಂಡಳಿಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ. ಸಂಪು ಖಾಲಿ ಮಾಡಿ ತೊಳೆದು, ನೀರು ಪರೀಕ್ಷೆಯಾಗುವವರೆಗೆ ಯಾವ ಫಿಲ್ಟರನ್ನೂ ನಂಬಬೇಡಿ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಶುರುವಾಗಿದ್ದರೆ ಮೊದಲು ಡಾಕ್ಟರು, ಆಮೇಲೆ ಪ್ಲಂಬರು.

ಲಕ್ಷಣ: ರುಚಿ ಕೆಟ್ಟಿದೆ, ಟಿಡಿಎಸ್ ಏರಿದೆ

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಒಟ್ಟು ಪ್ರಮಾಣ. ಪ್ರೀ-ಫಿಲ್ಟರಿಗೆ ಇದರಲ್ಲಿ ಪಾತ್ರವಿಲ್ಲ. ಟಿಡಿಎಸ್ ಮೀಟರಿನಲ್ಲಿ ಬೌಲಿನ ಮುಂಚಿನ ಮತ್ತು ನಂತರದ ನೀರು ಅಳೆದರೆ ಒಂದೇ ಅಂಕಿ ಬರುತ್ತದೆ, ಬರಲೇಬೇಕು. ಹೊರಬರುವ ನೀರಿನ ಅಂಕಿ ದಿನೇ ದಿನೇ ಏರುತ್ತಿದ್ದರೆ ಆಗ ಮೆಂಬ್ರೇನಿನ ಮಾತು ನಿಜ. ಬರೀ ಕಾವೇರಿ ನೀರಿನ ಮನೆಯವರು ಬರುವ ನೀರನ್ನೇ ಒಮ್ಮೆ ಅಳೆದು ನೋಡಿ. ಭಾರತೀಯ ಮಾನಕದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿತ, ಕಾವೇರಿಯದು ಅದಕ್ಕಿಂತ ಬಹಳ ಕೆಳಗೆ. ಆರ್‌ಒ ಬೇಕೇ ಎಂಬ ಪ್ರಶ್ನೆಯೇ ಏಳಬಹುದು.

ಸರ್ವಿಸ್‌ನವರನ್ನು ಕರೆಯುವಾಗ

ನಾಲ್ಕು ಸಂಗತಿ ಚೀಟಿಯಲ್ಲಿ ಬರೆದಿಡಿ: ಕ್ಯಾಂಡಲ್ ಹಾಕಿದ ತಾರೀಕು, ಬಾಟಲಿ ತುಂಬಿದ ಸಮಯ (ಕ್ಯಾಂಡಲ್ ಇದ್ದಾಗ, ಇಲ್ಲದಾಗ), ಒಳಬರುವ ನೀರಿನ ಟಿಡಿಎಸ್, ಹೊರಬರುವ ನೀರಿನ ಟಿಡಿಎಸ್. ತಾರೀಕನ್ನು ಮಾರ್ಕರ್ ಪೆನ್ನಿನಲ್ಲಿ ಬೌಲಿನ ಮೇಲೇ ಬರೆಯುವುದು ಇನ್ನೂ ಸಲೀಸು. ಬಂದವರು ನೇರ ಮೆಂಬ್ರೇನಿನ ಬೆಲೆ ಹೇಳಲು ಶುರುಮಾಡಿದರೆ ಚೀಟಿ ತೋರಿಸಿ. ಬಾಟಲಿ ಐವತ್ತು ಸೆಕೆಂಡಿಗೆ ತುಂಬಿದೆ, ಟಿಡಿಎಸ್ ಏರಿಲ್ಲ, ಹಾಗಾದರೆ ನಿಧಾನ ಏಕೆ ಅಂತ ಕೇಳಿದರೆ ಅವರೂ ಒಳಗಿನ ಕಾರ್ಬನ್ ಮತ್ತು ಪಂಪನ್ನು ಮೊದಲು ನೋಡುತ್ತಾರೆ. ಹಳೇ ಕ್ಯಾಂಡಲ್ ಕತ್ತರಿಸಿದ್ದನ್ನು ಒಂದು ಹಾಳೆಯ ಮೇಲೆ ಪಕ್ಕದಲ್ಲೇ ಇಟ್ಟಿರಿ.